ಎರಡು ಬೆರಳಿನ ಮಡಿಕೆ

ಕತ್ತರಿಯ ಮೊನೆ ತಾಗಿದ್ದೇ ತಡ, ಪ್ಯಾಂಟಿನ ಕೆಳಮಡಿಕೆಯೊಳಗಿಂದ ಮಣ್ಣು ಉದುರಿತು.

ಐಸಮ್ಮ ಕೈ ತಡೆದಳು. ಹೊಲಿಗೆ ಮೆಶಿನ್ನಿನ ಬಿಳಿ ಹಲಗೆಯ ಮೇಲೆ ಒಂದು ಚಿಟಿಕೆ ಕೆಂಪು ಮಣ್ಣು. ಬೆರಳಲ್ಲಿ ಒತ್ತಿ ನೋಡಿದಳು. ದುಬೈ ಮರಳಾದರೆ ಗೋಧಿಹಿಟ್ಟಿನ ಹಾಗೆ ಜಾರುತ್ತಿತ್ತು. ಕಡಲ ದಂಡೆಯದಾದರೆ ಉಪ್ಪು ಹೊಳೆಯುತ್ತಿತ್ತು. ಇದು ಗುಡ್ಡದ ಮಣ್ಣು.

ಈ ಹಸಿರು ಪ್ಯಾಂಟಿನ ಒಡತಿ ಲವಿನಾ, ಹತ್ತೊಂಬತ್ತು ದಿನಗಳ ಹಿಂದೆ, ಬಕ್ರೀದ್ ರಜೆಯಲ್ಲಿ, ಸೈಪ್ರಸ್ ದ್ವೀಪದ ಕಡಲಿಗೆ ಈಜಲು ಇಳಿದವಳು ಮೇಲೆ ಬರಲಿಲ್ಲ ಎಂದು ದುಬೈಯ ಅಲ್ ಕುಸೈಸ್‌ನ ಇಡೀ ಬೀದಿ ನಂಬಿತ್ತು.

ಹೋದವರು ಎರಡು ಜೋಡಿ. ಬಂಟ್ವಾಳದ ಲವಿನಾ ಮತ್ತು ಗಂಡ ನೆವಿಲ್. ಗದಗದ ದಾನೇಶ್ವರಿ ಮತ್ತು ಗಂಡ ದೀಪಕ. ಒಂದೇ ಕಟ್ಟಡದಲ್ಲಿ ಎದುರುಬದುರು ಬಾಗಿಲಿನವರು. ನಾಲ್ಕೇ ದಿನದ ತಿರುಗಾಟ. ಬೆಳಿಗ್ಗೆ ಗುಡ್ಡ ಹತ್ತುವುದು, ಮಧ್ಯಾಹ್ನ ಈಜುವುದು, ಸಂಜೆ ಹಳ್ಳಿಯ ಹೋಟೆಲಿನಲ್ಲಿ ಕೆಂಡದ ಮೇಲೆ ಸುಟ್ಟ ಚೀಸು, ಆಲಿವ್, ಮೀನು ತಿನ್ನುವುದು. ಹೋದವರು ನಾಲ್ವರು, ಬಂದವರು ಮೂವರು. ದೇಹ ಸಿಕ್ಕಿರಲಿಲ್ಲ. ಕಡಲಂಚಿನ ಬಂಡೆಯ ಮೇಲೆ ಲವಿನಾಳ ಚೀಲ ಸಿಕ್ಕಿತ್ತು. ಚೀಲದೊಳಗೆ ಮಡಚಿಟ್ಟ ಈ ಪ್ಯಾಂಟು, ಪೊಲೀಸರು ನೋಡಿ ಮರಳಿಸಿದ್ದು.

ನಿನ್ನೆ ಅದನ್ನು ಅಂಗಡಿಗೆ ತಂದುಕೊಟ್ಟವಳು ಲವಿನಾಳ ಅಕ್ಕ ಪರ್ಲ್. ಅಬುಧಾಬಿಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ನಿದ್ದೆಗೆಟ್ಟ ಕಣ್ಣಿನಲ್ಲೇ ಕಾರು ಓಡಿಸಿಕೊಂಡು ಬಂದಿದ್ದಳು.

"ಐಸಮ್ಮಕ್ಕ, ಇದರಲ್ಲಿ ಒಂದು ಸಣ್ಣ ತಲೆದಿಂಬು ಹೊಲಿದು ಕೊಡಿ. ಶಾರನ್‌ಗೆ ಅಮ್ಮನ ಬಟ್ಟೆ ಬೇಕಂತೆ. ಇಲ್ಲದಿದ್ರೆ ಮಲಗುದೇ ಇಲ್ಲ."

ಶಾರನ್ ಲವಿನಾಳ ಆರು ವರ್ಷದ ಮಗಳು. ಪ್ರವಾಸದ ನಾಲ್ಕು ದಿನ ಪರ್ಲ್‌ಳ ಮನೆಯಲ್ಲಿದ್ದವಳು, ಈಗ ಅಪ್ಪನ ಮನೆಗೆ ಮರಳಿದ್ದಳು.

"ಶುಕ್ರವಾರ ನೆವಿಲ್ ಅವಳನ್ನು ಊರಿಗೆ ಕರ್ಕೊಂಡು ಹೋಗಿ ಅವನ ಅಮ್ಮನ ಹತ್ರ ಬಿಡ್ತಾನಂತೆ," ಎಂದಿದ್ದಳು ಪರ್ಲ್. "ಲವಿನಾ ಉಂಟಾ ಇಲ್ವಾ, ಅದೊಂದು ನಂಗೆ ಅದಕ್ಕೆ ಮೊದಲು ಗೊತ್ತಾಗ್ಬೇಕು. ಮಗು ಯಾರ ಕೈಗೆ ಹೋಗ್ತದೆ ಅಂತ ನಾನು ನೋಡದೆ ಬಿಟ್ರೆ, ಅವಳು ಬಂದು ಕೇಳಿದಾಗ ಎಂತ ಹೇಳುದು? ಬಳೆ ಕದ್ದವರನ್ನು ಹಿಡಿದುಕೊಟ್ಟವರು ನೀವಲ್ವಾ? ಇದನ್ನೂ ಸ್ವಲ್ಪ ನೋಡಿ."

"ಬಳೆ ಬೇರೆ, ಮನುಷ್ಯರು ಬೇರೆ ಪರ್ಲ್," ಎಂದಿದ್ದಳು ಐಸಮ್ಮ. ಆದರೂ ಪ್ಯಾಂಟ್ ತೆಗೆದುಕೊಂಡಿದ್ದಳು.

ತೆಗೆದುಕೊಳ್ಳದೆ ಇರಲು ಅವಳಿಂದ ಆಗುತ್ತಿರಲಿಲ್ಲ. ಅಳತೆ ತೆಗೆಯುವವಳಿಗೆ ಮನೆಮನೆಯ ಗುಟ್ಟು ತಿಳಿಯುತ್ತದೆ. ಯಾರು ಬಸುರಿ, ಯಾರು ಊಟ ಬಿಟ್ಟಿದ್ದಾರೆ, ಯಾರ ತೋಳಿನ ಮೇಲೆ ಐದು ಬೆರಳಿನ ಗುರುತು ಇದೆ. ಮೇ ತಿಂಗಳ ಸುಡುಬಿಸಿಲಿನಲ್ಲಿ ಲವಿನಾ ನೀಲಿ ಕುರ್ತಾಕ್ಕೆ ತುಂಬುತೋಳು ಹೇಳಿದ್ದಳು.

"ತೋಳು ಉದ್ದ ಇರಲಿ ಐಸಮ್ಮಕ್ಕ. ಮಣಿಕಟ್ಟು ಮುಚ್ಚುವಷ್ಟು."

ಐಸಮ್ಮ ಗುರುತು ನೋಡಿದ್ದಳು. ಬಾಯಿ ಮುಚ್ಚಿಕೊಂಡು ತೋಳು ಉದ್ದ ಮಾಡಿದ್ದಳು.

ಆ ನೀಲಿ ಕುರ್ತಾ ಇನ್ನೂ ಅಂಗಡಿಯಲ್ಲೇ ಇತ್ತು. ಎರಡು ಸಲ ಮಡಚಿ ಕಪಾಟಿನಲ್ಲಿಟ್ಟಳು. ಎರಡು ಸಲವೂ ಬಾಗಿಲು ತಾನಾಗಿ ತೆರೆದುಕೊಂಡಿತು. ಚಿಲಕ ಸಡಿಲ, ಅಷ್ಟೇ. ಆದರೂ ಎ.ಸಿ. ಗಾಳಿಗೆ ಆ ಉದ್ದ ತೋಳು ಅಲುಗಿದಾಗಲೆಲ್ಲ ಯಾರೋ ಕೈ ಚಾಚಿದಂತಾಗಿ ಐಸಮ್ಮನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಇಡೀ ಮಧ್ಯಾಹ್ನ ಬೆನ್ನ ಹಿಂದೆ ಒಬ್ಬಳು ತನ್ನ ಸರದಿಗಾಗಿ ಕಾದು ಕುಳಿತಿರುವ ಹಾಗೆ. ತಿರುಗಿ ನೋಡಿದರೆ ಖಾಲಿ ಸ್ಟೂಲು.

ಈಗಲೂ ತಿರುಗಿ ನೋಡಿದಳು. ಸ್ಟೂಲು ಖಾಲಿಯಿತ್ತು.

"ನೋಡ್ತಿದ್ದೇನೆ ಮಾರಾಯ್ತಿ, ನೋಡ್ತಿದ್ದೇನೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ದೀಪ ಹತ್ತಿರಕ್ಕೆ ಎಳೆದಳು.

ಪ್ರವಾಸಕ್ಕೆ ಒಂದು ವಾರ ಮೊದಲು ಈ ಪ್ಯಾಂಟನ್ನು ಗಿಡ್ಡ ಮಾಡಿದವಳು ಐಸಮ್ಮನೇ. ಲವಿನಾ ಕುಳ್ಳಿ. ಎರಡು ಬೆರಳು ಮಡಚಿ ಹಸಿರು ನೂಲಿನಲ್ಲಿ ಹೊಲಿದಿದ್ದಳು. ಹಸಿರು ನೂಲು ಈಗ ಇರಲಿಲ್ಲ. ಅದನ್ನು ಬಿಚ್ಚಿ, ಬಟ್ಟೆಯನ್ನು ಎರಡು ಬೆರಳು ಕೆಳಗಿಳಿಸಿ, ಅಂಚನ್ನಷ್ಟೇ ತೆಳ್ಳಗೆ ಮಡಚಿ ಬಿಳಿ ನೂಲಿನಲ್ಲಿ ಹೊಲಿದಿದ್ದರು. ಹೋಟೆಲ್ ರೂಮಿನಲ್ಲಿ ಸೋಪಿನ ಪಕ್ಕ ಇಟ್ಟಿರುತ್ತಾರಲ್ಲ, ಒಂದು ಸೂಜಿ, ನಾಲ್ಕು ಎಳೆ ನೂಲು, ಅಂಥ ನೂಲು.

ಕುಳ್ಳಿಯ ಪ್ಯಾಂಟನ್ನು ಉದ್ದ ಮಾಡಿದವರು ಯಾರು? ಯಾರಿಗಾಗಿ?

ಐಸಮ್ಮ ಮೊಬೈಲ್ ತೆಗೆದು ಪರ್ಲ್ ಕಳಿಸಿದ್ದ ಫೋಟೋ ತೆರೆದಳು. ಎಲ್ಲರೂ ನೂರು ಸಲ ನೋಡಿದ ಫೋಟೋ. ಶನಿವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಲವಿನಾಳ ನಂಬರಿನಿಂದ ಮನೆಯವರ ಗ್ರೂಪಿಗೆ ಬಂದದ್ದು. ಗುಡ್ಡದ ಕಾಲುದಾರಿ, ಕೆಳಗೆ ನೀಲಿ ಕಡಲು, ಬೆನ್ನು ತಿರುಗಿಸಿ ನಿಂತ ಹೆಂಗಸು. ಅಗಲ ಟೊಪ್ಪಿ, ಬಿಳಿ ಅಂಗಿ, ಹಸಿರು ಪ್ಯಾಂಟು. ಲವಿನಾ ಬದುಕಿದ್ದಳು ಎನ್ನುವುದಕ್ಕೆ ಕೊನೆಯ ಸಾಕ್ಷಿ. ಆ ಹೊತ್ತಿಗೆ ನೆವಿಲ್ ಹಿಂದಿನ ದಿನದ ಅಮಲಿನಲ್ಲಿ ರೂಮಿನಲ್ಲಿ ಮಲಗಿದ್ದ. ಎದ್ದದ್ದು ಹತ್ತು ಗಂಟೆಗೆ.

ಪ್ಯಾಂಟು ಫೋಟೋದಲ್ಲಿ ಸರಿಯಾಗಿ ಪಾದದ ಗಂಟಿಗೆ ಮುಟ್ಟಿತ್ತು. ಎರಡು ಬೆರಳು ಇಳಿಸಿದ ಮೇಲೂ.

ಲವಿನಾ ತೊಟ್ಟಿದ್ದರೆ ಅದು ನೆಲ ಗುಡಿಸಬೇಕಿತ್ತು.

ಹತ್ತೊಂಬತ್ತು ದಿನ ಊರೆಲ್ಲ ಲವಿನಾ ಎಂದು ನೋಡಿ ಕಣ್ಣೀರಿಟ್ಟ ಬೆನ್ನು ಲವಿನಾಳದ್ದಲ್ಲ.

ಬಿಳಿ ನೂಲಿನ ಕೊನೆ ಹುಡುಕಿದಳು. ಸಾಮಾನ್ಯರು ಹೊಲಿಗೆ ಮುಗಿಸುವಾಗ ಗಂಟು ಹಾಕುತ್ತಾರೆ. ಇಲ್ಲಿ ಗಂಟಿರಲಿಲ್ಲ. ಒಂದೇ ಜಾಗದಲ್ಲಿ ಮೂರು ಸಲ ಹಿಂದಕ್ಕೆ ಚುಚ್ಚಿ, ನೂಲನ್ನು ಮಡಿಕೆಯೊಳಗೆ ಅಡಗಿಸಿ ಕತ್ತರಿಸಿದ್ದರು. ಉಪ್ಪಿನಂಗಡಿಯಲ್ಲಿ ಐಸಮ್ಮನ ಉಮ್ಮ ಹಾಗೆ ಮುಗಿಸುತ್ತಿದ್ದಳು. 'ಗಂಟು ಚರ್ಮಕ್ಕೆ ಕಚ್ಚುತ್ತದೆ ಮಗಾ' ಎನ್ನುತ್ತಿದ್ದಳು. ಈ ಊರಿನಲ್ಲಿ ಐಸಮ್ಮ ಅದನ್ನು ಶನಿವಾರದ ಹೊಲಿಗೆ ಪಾಠದಲ್ಲಿ ಕಲಿಸಿದ್ದು ನಾಲ್ಕೇ ಹೆಂಗಸರಿಗೆ. ಅವರಲ್ಲಿ ದ್ವೀಪಕ್ಕೆ ಹೋದವಳು ಒಬ್ಬಳೇ.

ಅವಳು ಲವಿನಾಳಿಗಿಂತ ಎರಡು ಬೆರಳೇನು, ನಾಲ್ಕು ಬೆರಳು ಎತ್ತರ.

ಐಸಮ್ಮ ಪ್ಯಾಂಟನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಯ ಬಾಗಿಲೆಳೆದಳು.

ಹೊರಗೆ ಮೂರೂವರೆಯ ಬಿಸಿಲು ಮುಖಕ್ಕೆ ಒಲೆಯ ಉರಿಯಂತೆ ಬಡಿಯಿತು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ನಿಲ್ಲಿಸಿದ ಕಾರುಗಳ ಮೇಲೆ ಗಾಳಿ ನೀರಿನ ಹಾಗೆ ಅಲೆಯಾಡುತ್ತಿತ್ತು. ದಾನೇಶ್ವರಿಯ ಕಟ್ಟಡದವರೆಗೆ ನಡೆಯುವಾಗಲೂ ಹಿಂದೆ ಒಂದು ಹೆಜ್ಜೆಯ ಅಂತರದಲ್ಲಿ ಯಾರೋ ಬರುತ್ತಿದ್ದಾರೆ ಅನಿಸಿತು. ಈ ಸಲ ಐಸಮ್ಮ ತಿರುಗಲಿಲ್ಲ. ಬರಲಿ, ಜೊತೆಗೆ ಬರಲಿ.

ಬಾಗಿಲು ತೆರೆದ ದಾನೇಶ್ವರಿ ಮುಖ ಅರಳಿಸಿದಳು. ಕಣ್ಣಿನ ಕೆಳಗೆ ಮಾತ್ರ ಕಪ್ಪು.

"ಬರ್ರಿ ಅಕ್ಕಾರ, ಒಳಗ ಬರ್ರಿ. ಎಂಥಾ ಬಿಸಲಾಗ ಬಂದೀರಿ! ಒಂದು ಫೋನ್ ಮಾಡಿದ್ರ ನಾನ ಬರ್ತಿದ್ನೆಲ್ರಿ. ಚಾ ಮಾಡ್ಲಿ?"

"ಚಾ ಬೇಡ. ನೀರು ಕೊಡು."

ಐಸಮ್ಮ ನೀರು ಕುಡಿದಳು. ಲೋಟ ಕೆಳಗಿಟ್ಟಳು. ಚೀಲದಿಂದ ಪ್ಯಾಂಟ್ ತೆಗೆದು, ಕಾಲಿನ ಅಂಚು ಮೇಲೆ ಬರುವಂತೆ ತನ್ನ ಮಡಿಲಲ್ಲಿ ಹರಡಿದಳು.

"ಹೊಲಿಗೆ ಚಂದ ಆಗಿದೆ ದಾನೇಶ್ವರಿ. ಒಂದು ಕಡೆ ಸ್ವಲ್ಪ ಎಳೆದಿದ್ದಿ. ಅವಸರದಲ್ಲಿ ಮಾಡಿದ್ದು, ಅಲ್ವಾ?"

ದಾನೇಶ್ವರಿಯ ಕೈ ತನ್ನ ಸೆರಗಿಗೆ ಹೋಯಿತು.

"ಏನಂತೀರ್ರೀ ನೀವು? ಅದು ಲವಿನಾನ ಪ್ಯಾಂಟಲ್ಲ? ಅಕೀನ ಬಿಚ್ಚಿ ಹೊಲಕೊಂಡಿರಬೇಕು."

"ಲವಿನಾ?" ಐಸಮ್ಮ ನಕ್ಕಳು. "ಅಂಗಿಗೆ ಗುಂಡಿ ಹಾಕ್ಲಿಕ್ಕೆ ನನ್ನ ಹತ್ರ ಬರ್ತಿದ್ದವಳು ಅವಳು. ಸೂಜಿಗೆ ನೂಲು ಪೋಣಿಸು ಅಂದ್ರೆ ಸೂಜಿಯನ್ನೇ ಕಳ್ಕೊಳ್ತಿದ್ಲು."

"ಹಂಗಾರ ಪೊಲೀಸ್‌ರು..."

"ಸೈಪ್ರಸ್ ಪೊಲೀಸರು ಉಪ್ಪಿನಂಗಡಿ ಹೊಲಿಗೆ ಹಾಕ್ತಾರಾ?"

ದಾನೇಶ್ವರಿ ಕುಳಿತುಬಿಟ್ಟಳು. ಪರದೆ ಎಳೆದ ಕಿಟಕಿಯ ಸಂದಿಯಲ್ಲಿ ಒಂದು ಗೆರೆ ಬಿಸಿಲು ಪ್ಯಾಂಟಿನ ಮೇಲೆ ಬಿದ್ದಿತ್ತು.

"ಫೋಟೋದಲ್ಲಿ ನಿಂತದ್ದು ನೀನು," ಎಂದಳು ಐಸಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಪೊಲೀಸ್ ಅಲ್ಲ, ಕೋರ್ಟು ಅಲ್ಲ. ಅವಳ ತೋಳಿನ ಗುರುತು ನೋಡಿ ಸುಮ್ಮನೆ ಕೂತವಳು. ನಿನಗಿಂತ ದೊಡ್ಡ ತಪ್ಪು ನನ್ನದು. ಶುಕ್ರವಾರ ಆ ಮಗು ವಿಮಾನ ಹತ್ತುವ ಮೊದಲು ನಂಗೆ ಒಂದೇ ಒಂದು ಗೊತ್ತಾಗ್ಬೇಕು. ಲವಿನಾ ಎಲ್ಲಿದ್ದಾಳೆ?"

ದಾನೇಶ್ವರಿಯ ಕಟ್ಟೆ ಒಡೆಯಿತು.

"ಅಕಿ ಸತ್ತಿಲ್ರಿ ಅಕ್ಕಾರ. ದೇವರಾಣಿ ಸತ್ತಿಲ್ಲ. ಓಡಿ ಹೋಗ್ಯಾಳ."

"ಹೇಳು."

"ಆ ನೆವಿಲ್ ಕೂಡ ಇನ್ನ ಬಾಳೇ ಮಾಡೂದು ಸಾಧ್ಯನ ಇಲ್ಲ ಅಂತಿದ್ಳು. ಅಕಿ ಪಾಸ್‌ಪೋರ್ಟ್ ಮನ್ಯಾಗ ಅಂವನ ಕಪಾಟಿನಾಗ ಇರತಿತ್ತು. ಪರದೇಶಕ್ಕ ಹೋದಾಗ ಅಷ್ಟ ಅಕಿ ಕೈಯಾಗ. ಅದಕ್ಕ ಟ್ರಿಪ್ಪಿಗೆ ಹೋದಾಗನ ಹೋಗಬೇಕು ಅಂತ ಆತು. ನಸುಕಿನ್ಯಾಗ ಅಕಿ ಏರ್‌ಪೋರ್ಟಿಗೆ ಹೋಗೂದು. ಬೆಳಗಾದ ಮ್ಯಾಲೆ ನಾ ಅಕಿ ಅಂಗಿ ಪ್ಯಾಂಟ್ ಹಾಕ್ಕೊಂಡು ಗುಡ್ಡದ ಮ್ಯಾಲೆ ನಿಂದ್ರೂದು. ಫೋಟೋ ಹೋತಂದ್ರ, ನೆವಿಲ್ ಎದ್ದರೂ ವಾಕಿಂಗ್ ಹೋಗ್ಯಾಳ ಅಂತ ಸುಮ್ಮನಾಗ್ತಾನ. ಅಷ್ಟೊತ್ತಿಗೆ ವಿಮಾನ ಹಾರಿರತದ."

"ಫೋಟೋ ಅವಳ ನಂಬರಿನಿಂದ ಬಂದದ್ದು."

"ಅಕಿ ಹಳೇ ಫೋನ್ ನಮ್ಮ ಕಡೆ ಬಿಟ್ಟು ಹೋಗಿದ್ಳು."

"ಚೀಲ? ಬಂಡೆ ಮೇಲೆ?"

ದಾನೇಶ್ವರಿ ತಲೆಯೆತ್ತಿದಳು. ಕಣ್ಣಿನಲ್ಲಿ ನಿಜವಾದ ಗೊಂದಲವಿತ್ತು.

"ಅದ ನಂಗೂ ತಿಳಿಯವಲ್ದರಿ. ಮುಳುಗಿದ್ಳು ಅನ್ನೂ ಮಾತು ನಮ್ಮ ಉಪಾಯದಾಗ ಇರಲಿಲ್ಲ. ನಾ ಪ್ಯಾಂಟ್ ಬಿಚ್ಚಿ ಕಾರಿನ ಹಿಂದಿನ ಸೀಟಿನಾಗ ಒಗದಿದ್ದೆ. ಮಧ್ಯಾಹ್ನ ನೋಡ್ತೀನಿ, ಚೀಲದಾಗ ಮಡಚಿ ಇಟ್ಟದ್ದು ಬಂಡೆಗಲ್ಲಿನ ಮ್ಯಾಲೆ ಸಿಕ್ತು ಅಂತ ಪೊಲೀಸ್‌ರು ಕೈಯಾಗ ಹಿಡಕೊಂಡು ನಿಂತಾರ. ನನ್ನ ಜೀವ ಹೋತು. ಆಮ್ಯಾಲೆ ನಮ್ಮ ಮನಿಯವರು ಅಂದ್ರು, ಇದೂ ಚಲೋನ ಆತು ಬಿಡು, ಸತ್ತಾಳಂದ್ರ ಅಂವ ಹುಡುಕೂದಿಲ್ಲ. ಖಲಾಸ್. ನೀ ಬಾಯಿ ಬಿಡಬ್ಯಾಡ."

"ಏರ್‌ಪೋರ್ಟಿಗೆ ಅವಳನ್ನು ಬಿಟ್ಟದ್ದು ಯಾರು?"

"ಇವರ್ರೀ. ಬಾಡಿಗಿ ಕಾರು ಇವರ ಹೆಸರಿನಾಗ ಇತ್ತಲ್ಲ."

"ಫೋಟೋ ತೆಗೆದದ್ದು?"

"ಇವರ."

"ಉಪಾಯ?"

ದಾನೇಶ್ವರಿ ಉತ್ತರಿಸಲು ಬಾಯಿ ತೆರೆದು ನಿಲ್ಲಿಸಿದಳು. ಎದ್ದು ಹೋಗಿ ಮೊಬೈಲ್ ತಂದಳು. ತನಗೆ ತಾನೇ ಧೈರ್ಯ ಹೇಳಿಕೊಳ್ಳುವವಳಂತೆ ಅವಸರ ಅವಸರವಾಗಿ ಮಾತಾಡಿದಳು.

"ನೀವು ಏನೇನೋ ತಿಳಕೊಬ್ಯಾಡ್ರಿ. ಅಕಿ ಆರಾಮ ಅದಾಳ. ನೋಡ್ರಿಲ್ಲೆ, ಎರಡು ದಿನಕ್ಕೊಮ್ಮೆ ಮೆಸೇಜ್ ಮಾಡ್ತಾಳ. ಹೊಸ ನಂಬರ್ ಐತಿ. ಮಾತಾಡೂದು ಅಷ್ಟ ಒಲ್ಲೆ ಅಂತಾಳ, ದನಿ ಯಾರರ ಗುರುತು ಹಿಡದ್ರ ಅಂತ ಅಂಜಿಕಿ."

ಐಸಮ್ಮ ಕನ್ನಡಕ ಏರಿಸಿದಳು. ಹೆಸರಿನ ಪಕ್ಕದ ಚಿತ್ರದಲ್ಲಿ ಮುಖವಿರಲಿಲ್ಲ. ಬರೀ ಕಡಲು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ತುಟಿ ಅಲುಗಿಸುತ್ತ ಓದಿದಳು.

'ನಾ ಆರಾಮ ಅದೀನಿ. ನೀ ಚಿಂತಿ ಮಾಡಬ್ಯಾಡ.'

'ಯಾರ ಮುಂದೂ ಬಾಯಿ ಬಿಡಬ್ಯಾಡ. ಇನ್ನೊಂದು ಸ್ವಲ್ಪ ದಿವಸ ತಡಕೊ.'

'ಶಾರನ್ ಊಟ ಮಾಡಾಕತ್ಯಾಳಿಲ್ಲೊ? ಅಕಿ ಯಾರ ಮುಂದರ ಏನರ ಹೇಳ್ಯಾಳೇನು?'

ಮತ್ತೊಮ್ಮೆ ಓದಿದಳು. ಲವಿನಾಳ ದನಿಯನ್ನು ಈ ಮಾತುಗಳೊಳಗೆ ಕೂರಿಸಲು ನೋಡಿದಳು. ಹತ್ತೊಂಬತ್ತು ದಿನ ಬೆನ್ನ ಹಿಂದೆಯೇ ಇದ್ದ ದನಿ. ಅದು ಕೂರಲಿಲ್ಲ.

"ದಾನೇಶ್ವರಿ, ಇದು ಯಾರ ಕನ್ನಡ?"

"ಅಂದ್ರ?"

"ನಮ್ಮ ಕಡೆ ಹುಟ್ಟಿದವಳು 'ಹುಷಾರಿದ್ದೇನೆ' ಅಂತ ಬರೀತಾಳೆ. 'ಊಟ ಮಾಡ್ತಾಳಾ ಮಾರಾಯ್ತಿ' ಅಂತ ಕೇಳ್ತಾಳೆ. 'ಮಾಡಾಕತ್ಯಾಳಿಲ್ಲೊ' ಅಂತ ಬಂಟ್ವಾಳದವರು ಜನ್ಮದಲ್ಲಿ ಬರೆಯುದಿಲ್ಲ."

"ಅಯ್ಯ, ಅಷ್ಟನ?" ದಾನೇಶ್ವರಿಗೆ ಹೋದ ಜೀವ ಬಂದಂತಾಯಿತು. "ಅಕಿ ನನ್ನ ಚಾಷ್ಟಿ ಮಾಡಾಕ ಯಾವಾಗ್ಲೂ ನಮ್ಮ ಹಂಗ ಮಾತಾಡ್ತಿದ್ಳಲ್ರಿ! ಲಿಫ್ಟಿನ್ಯಾಗ ನೋಡಿದ್ರ ಸಾಕು, 'ಏನ್ರಿ ಊಟ ಆಗೈತೇನ್ರಿ ನೀನು' ಅಂತಿದ್ಳು. ಓದಿದ ಕೂಡಲೆ ನಂಗ ನಮ್ಮ ಲವಿನಾನ ಅನಿಸ್ತು. ಒಂದೀಟೂ ಸಂಶೇ ಬರಲಿಲ್ಲ."

"ಬರುದಿಲ್ಲ. ನಿನ್ನ ತವರಿನ ಮಾತು, ನಿನ್ನ ಕಿವಿಗೆ ಹೇಗೆ ಚುಚ್ಚುತ್ತದೆ?" ಐಸಮ್ಮ ಮೊಬೈಲನ್ನು ಅವಳ ಮುಂದೆ ಹಿಡಿದಳು. "ನೀನೇ ಹೇಳಿದೆಯಲ್ಲ. 'ಏನ್ರಿ' ಅಂತ ಶುರು ಮಾಡಿ 'ನೀನು' ಅಂತ ಮುಗಿಸ್ತಿದ್ಲು. ಚಾಷ್ಟಿಗೆ ಆಡುವ ಮಾತಿನಲ್ಲಿ ಒಂದಲ್ಲ ಒಂದು ತಪ್ಪು ಇದ್ದೇ ಇರ್ತದೆ. ಇದರಲ್ಲಿ ಹುಡುಕು. ಒಂದಾದ್ರೂ ತಪ್ಪುಂಟಾ?"

ದಾನೇಶ್ವರಿ ಓದಿದಳು. ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ. ಹೊರಗೆಲ್ಲೋ ಮಸೀದಿಯಲ್ಲಿ ಅಸರ್ ಬಾಂಗ್ ಶುರುವಾಯಿತು. ಅದು ಮುಗಿಯುವವರೆಗೆ ಅವಳ ಬೆರಳು ಗಾಜಿನ ಮೇಲೆ ಆಡುತ್ತಲೇ ಇತ್ತು.

"ಇಲ್ರಿ," ಎಂದಳು, ಕೇಳಿಸದಷ್ಟು ಮೆಲ್ಲಗೆ.

"ಆ ದಿನ ಆ ದ್ವೀಪದಲ್ಲಿ ಹುಟ್ಟಿನಿಂದ ಈ ಮಾತು ಆಡುವವರು ಎಷ್ಟು ಜನ ಇದ್ರು?"

"ಇಬ್ರು."

ಒಬ್ಬಳು ಐಸಮ್ಮನ ಎದುರಿಗೇ ಕುಳಿತಿದ್ದಳು. ಇನ್ನೊಬ್ಬನ ಹೆಸರನ್ನು ಯಾರೂ ಹೇಳಲಿಲ್ಲ. ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ದೀಪಕ ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದ. ನಸುಕಿನಲ್ಲಿ ಲವಿನಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವನು. ಒಬ್ಬನೇ ತಿರುಗಿ ಬಂದವನು. ಅವಳು ವಿಮಾನ ಹತ್ತಿದ್ದನ್ನು ಅವನ ಬಾಯಿಯ ಮಾತು ಬಿಟ್ಟರೆ ಕಂಡವರು ಯಾರೂ ಇಲ್ಲ.

ಐಸಮ್ಮನಿಗೆ ಆಗ ತಿಳಿಯಿತು, ಮೂರು ವಾರದಿಂದ ತಾನು ತಪ್ಪು ಗಂಡಸಿನ ಮುಖ ನೋಡುತ್ತಿದ್ದೆ ಎಂದು. ಹೊಡೆಯುವವನ ಕೈ ಎಲ್ಲರಿಗೂ ಕಾಣುತ್ತದೆ. ಅದರ ನೆರಳಿನಲ್ಲಿ ಇನ್ನೊಂದು ಕೈ ಆರಾಮವಾಗಿ ಕೆಲಸ ಮಾಡಿತ್ತು.

"ಇಲ್ಲ, ಇಲ್ಲ," ದಾನೇಶ್ವರಿ ತಲೆ ಅಲ್ಲಾಡಿಸತೊಡಗಿದಳು. "ಅವರು ಅಂಥವರಲ್ರಿ. ಇವತ್ತೂ ಮೆಸೇಜ್ ಬಂದಾವ್ರಿ. ಅಕಿ ತಿರುಗಿ ಬಂದಾಳ, ಇಲ್ಲೇ ಅದಾಳ. ನೋಡ್ರಿಲ್ಲೆ."

ಕೊನೆಯ ಮೆಸೇಜು. ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಬಂದದ್ದು.

'ನಾ ಬಂದೀನಿ. ಶಾರನ್‌ನ ಸಾಲಿಯಿಂದನ ನಿಮ್ಮ ಮನಿಯವರ ಕೂಡ ಕಳಸು. ನೆವಿಲ್‌ಗ ಗೊತ್ತಾಗೂದು ಬ್ಯಾಡ.'

ಐಸಮ್ಮ ಎದ್ದು ನಿಂತಳು. ಪ್ಯಾಂಟು ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು.

"ಕಳಿಸಿದೆಯಾ?"

ದಾನೇಶ್ವರಿಯ ಮುಖ ಸುಣ್ಣದ ಗೋಡೆಯಾಗಿತ್ತು.

"ಕಳಿಸಿದೆಯಾ ದಾನೇಶ್ವರಿ?"

"ದಿನಾ ಸಾಲಿಯಿಂದ ಕರಕೊಂಡು ಬರಾಕಿ ನಾನ ಅಲ್ರಿ. ಅದಕ್ಕ ಫೋನ್ ಮಾಡಿ ಹೇಳಿದ್ನಿರಿ, ಇವತ್ತು ಅಂಕಲ್ ಬರ್ತಾರ ಅಂತ. ಎರಡು ಗಂಟೆಕ್ಕ ಕರಕೊಂಡು ಹೋದ್ರು."

"ಎಲ್ಲಿಗೆ?"

"ಹೇಳಲಿಲ್ರಿ."

"ಫೋನ್ ಮಾಡು. ಅಳಬೇಡ. ಮೊದಲು ದನಿ ಸರಿ ಮಾಡ್ಕೊ. ಏನೂ ಗೊತ್ತಿಲ್ಲದವಳ ಹಾಗೆ ಮಗು ಊಟ ಮಾಡಿದ್ಲಾ ಅಂತ ಕೇಳು. ಸ್ಪೀಕರಿಗೆ ಹಾಕು."

ತನ್ನ ಮೊಬೈಲಿನಲ್ಲಿ ಐಸಮ್ಮ ಆಗಲೇ ಪೊಲೀಸರ ನಂಬರ್ ಒತ್ತಿಯಾಗಿತ್ತು. ಹೆಬ್ಬೆರಳು ಹಸಿರು ಗುಂಡಿಯ ಮೇಲಿತ್ತು. ಯಾವ ಜಾಗ ಎಂದು ಕೇಳಿದರೆ ಹೇಳಲು ಒಂದು ಹೆಸರಾದರೂ ಬೇಕಿತ್ತು.

ದಾನೇಶ್ವರಿ ಒತ್ತಿದಳು. ಆ ಕಡೆ ದೀಪಕನ ಫೋನು ರಿಂಗಾಯಿತು. ಒಂದು ಸಲ, ಎರಡು ಸಲ. ಏಳನೆಯ ರಿಂಗಿಗೆ ಯಾರೋ ಎತ್ತಿದರು. ದೀಪಕನ ದನಿ ಬರಲಿಲ್ಲ. ಗಾಳಿಯ ಸದ್ದು. ಅದರ ಕೆಳಗೆ ನಿಧಾನವಾಗಿ ಬಂದು ದಡಕ್ಕೆ ಬಡಿದು ಹಿಂದೆ ಸರಿಯುವ ನೀರು.

"ಹಲೋ," ಎಂದಳು ದಾನೇಶ್ವರಿ. "ಹಲೋ, ಶಾರನ್? ಎಲ್ಲಿ ಅದೀಯವ್ವಾ? ಅಂಕಲ್ ಎಲ್ಲಿ?"

"ಅಂಕಲ್ ಈಸ್ ಇನ್ ದ ವಾಟರ್, ಆಂಟಿ." ಮಗುವಿನ ದನಿಯಲ್ಲಿ ಸಂಭ್ರಮವಿತ್ತು. "ಹೀ ಸೆಡ್ ಮಮ್ಮಾ ಈಸ್ ಸ್ವಿಮ್ಮಿಂಗ್, ವೆರಿ ಫಾರ್. ವಿ ಆರ್ ಗೋಯಿಂಗ್ ಟು ಹರ್. ಹೀ ಈಸ್ ಕಾಲಿಂಗ್ ಮಿ ನೌ."

"ಶಾರನ್, ಬೇಡ ಮಗಾ, ಅಲ್ಲೇ ನಿಲ್ಲು!" ಐಸಮ್ಮ ಕೂಗಿದಳು. "ನೀರಿಗೆ ಇಳೀಬೇಡ! ನಿನ್ನ ಹತ್ರ ಎಂತ ಕಾಣ್ತದೆ ಹೇಳು! ಅಂಗಡಿ, ಬೋರ್ಡು, ಏನಾದ್ರೂ!"

ನೀರು ಬಂದು ಬಡಿದು ಹಿಂದೆ ಸರಿಯಿತು.

"ಬಟ್ ಆಂಟಿ," ಎಂದಳು ಶಾರನ್, "ಐ ಆಲ್ರೆಡಿ ರಿಮೂವ್ಡ್ ಮೈ ಶೂಸ್."